ಕಿಟಕಿಗೆ ಅಂಟಿಸಿದ ಹೊಟ್ಟೆ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಹೊಳೆನರಸೀಪುರದಲ್ಲಿ ನಮ್ಮದು ತೆಂಗಿನಕಾಯಿ ವ್ಯಾಪಾರ. ಯಜಮಾನರಿಗೆ ಬೆನ್ನುನೋವು ಅಂತ ಹಾಸನಕ್ಕೆ ಹೋದರೆ ಡಾಕ್ಟರು ಸಿಟಿ ಸ್ಕ್ಯಾನ್ ಮಾಡಿಸಿ ಅಂದರು. ಕೈಗೆ ಸೂಜಿ ಚುಚ್ಚಿ ಔಷಧಿ ಬಿಟ್ಟಾಗ ಮೈಯೆಲ್ಲ ಬಿಸಿಯಾಯಿತಂತೆ. ಹೊರಗೆ ಬಂದವರೇ ಪಂಚೆ ಮುಟ್ಟಿ ನೋಡಿಕೊಂಡರು. “ಒದ್ದೆ ಆಗ್ಬುಡ್ತೇನೋ ಅಂದ್ಕಂಡೆ ಕಣೇ.”

ಡಾಕ್ಟರು ಫಿಲಂ ತೆಗೆದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ನನ್ನ ಓದು ಮೂರನೇ ಕ್ಲಾಸು. ನೋಡೋಕೆ ಓದು ಯಾಕೆ? ಸಾಲಾಗಿ ಬಿಲ್ಲೆ ಬಿಲ್ಲೆ, ಬಾಳೆದಿಂಡು ಕೊಯ್ದಿಟ್ಟ ಹಾಗೆ.

“ಇದೇನ್ ಸಾ, ಮನುಷನ್ನ ಇಂಗೆ ಎಚ್ಚಿಟ್ಟಿದ್ದೀರಾ?” ಅಂದೆ.

“ಹೂಂ ಅಮ್ಮ, ಕತ್ತಿ ಇಲ್ಲದೆ,” ಅಂತ ನಕ್ಕರು.

ಪ್ರತಿ ಬಿಲ್ಲೆಯಲ್ಲೂ ಬೆನ್ನುಮೂಳೆ ಮುಂದೆ ಒಂದು ಬಿಳಿ ಗುಂಡು. ಎದೆಯಿಂದ ಇಳಿಯುವ ದೊಡ್ಡ ರಕ್ತನಾಳವಂತೆ. ಮೇಲಿನ ಬಿಲ್ಲೆಗಳಲ್ಲಿ ಗೋಲಿಯಷ್ಟಿದ್ದದ್ದು ಹೊಕ್ಕುಳ ಹತ್ತಿರ ಬಂದರೆ ನಿಂಬೆಹಣ್ಣು.

“ಪಂಪ್‌ಸೆಟ್ ಪೈಪು ಉಬ್ಬಿದಂಗಾ?”

“ಹಂಗೇ. ಈಗ ಆಪರೇಷನ್ ಬೇಡ. ಬೀಡಿ ಬಿಡಿ, ಮೂಟೆ ಎತ್ತಬೇಡಿ, ಬಿಪಿ ಮಾತ್ರೆ ತಪ್ಪಿಸಬೇಡಿ. ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ತೆಗೆದು ಇದರ ಪಕ್ಕ ಇಟ್ಟು ನೋಡ್ತೀನಿ. ದೊಡ್ಡದಾಗ್ತಿದ್ರೆ ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಲೇಬೇಕು. ಫಿಲಂ ಜೋಪಾನ.”

ಯಜಮಾನರ ಮುಖ ಬಿಳಿಚಿತು. ಹೊಟ್ಟೆ ಕುಯ್ಯಿಸಿಕೊಳ್ಳೋದು ಅಂದರೆ ಅವರಿಗೆ ಜೀವಭಯ. ಬರುವಾಗ ಬೀಡಿ ಕಟ್ಟನ್ನು ಬಸ್ಸಿನ ಕಿಟಕಿಯಿಂದ ಎಸೆದರು.

ನಮ್ಮ ಕಡೆ ಕಾಯಿಲೆಯವರನ್ನು ನೋಡೋಕೆ ಬರದಿದ್ದರೆ ನಂಟಸ್ತನವೇ ಕೆಡುತ್ತದೆ. ಚನ್ನರಾಯಪಟ್ಟಣದಿಂದ ನಾದಿನಿ, ಅರಕಲಗೂಡಿನಿಂದ ಬೀಗರು, ಮೂಸಂಬಿ ಬ್ರೆಡ್ಡು ಹಿಡಿದು ಬಂದರು. ಬಂದವರಿಗೆಲ್ಲ ಹೊಟ್ಟೆ ತೋರಿಸಬೇಕು. ಸಾರಿಸಾರಿಗೂ ಕವರಿಂದ ಯಾರು ತೆಗೀತಾರೆ ಅಂತ ಯಜಮಾನರು ಫಿಲಂನ ಪಡುವಲ ಕಿಟಕಿಗೆ ಟೇಪು ಹಾಕಿ ಅಂಟಿಸಿಬಿಟ್ಟರು.

ನಾದಿನಿ ಕಣ್ಣು ಕಿರಿದು ಮಾಡಿ ನೋಡಿ, “ಅಣ್ಣಯ್ಯ, ಒಳಗೆ ಇಷ್ಟೆಲ್ಲ ಐತಾ? ಬರೀ ಮುದ್ದೆ ಅಂದ್ಕಂಡಿದ್ದೆ” ಅಂದಳು.

ಬೇಸಿಗೆ ಬಂತು. ಮಧ್ಯಾಹ್ನದ ಬಿಸಿಲೆಲ್ಲ ಆ ಕಿಟಕಿಗೇ. ಬಿಲ್ಲೆಗಳು ದಿನಾ ಒಂದಿಷ್ಟು ಮಬ್ಬಾದವು. ಮತ್ತೆ ಹಾಸನಕ್ಕೆ ಹೊರಡೋ ಹೊತ್ತಿಗೆ ಫಿಲಂ ದೋಸೆ ಕಾವಲಿ ಥರ ಕರ್ರಗಾಗಿತ್ತು.

“ಗೋಲೀನೂ ಓಯ್ತು, ನಿಂಬೆಹಣ್ಣೂ ಓಯ್ತು. ಇನ್ನೇನ್ ಪಕ್ಕದಲ್ಲಿ ಇಟ್ಟು ನೋಡ್ತಾರೆ?” ಅಂದೆ. ಅವರು ಟೇಪು ಕಿತ್ತು ಕರೀ ಹಾಳೆಯನ್ನು ಕವರಿಗೆ ತುರುಕಿದರು.

ಹೊಸ ಸ್ಕ್ಯಾನ್ ಆಯಿತು. ಡಾಕ್ಟರು ಕರೀ ಹಾಳೆಯನ್ನು ಬೆಳಕಿಗೆ ಹಿಡಿದರು. “ಬಿಸಿಲಲ್ಲಿ ಇಟ್ಟಿದ್ರಾ?”

“ನೋಡಕ್ ಬಂದೋರ್ಗೆ ಕಾಣ್ಲಿ ಅಂತ, ಸಾ.”

“ಜೊತೇಲಿ ರಿಪೋರ್ಟ್ ಕೊಟ್ಟಿದ್ವಲ್ಲ?”

ಕವರಿನಲ್ಲೇ ಇತ್ತು. ಚಿತ್ರ ಇಲ್ಲದ ಕಾಗದ, ಯಾರೂ ಕೇಳಿರಲಿಲ್ಲ. ಅದರಲ್ಲಿ ಉಬ್ಬಿನ ಅಳತೆ ಬರೆದಿತ್ತಂತೆ. ಡಾಕ್ಟರು ಓದಿ, ಹೊಸದನ್ನು ಅಳೆದು, ಮತ್ತೆ ಓದಿದರು.

“ಬೆಳೆದಿಲ್ಲ. ಹೀಗೇ ಜೋಪಾನವಾಗಿರಿ.”

ಯಜಮಾನರು ಉಸಿರು ಬಿಟ್ಟದ್ದು ಕೇಳಿಸಿತು. ನಾನು ಹೊಸ ಫಿಲಂ ಹತ್ತಿರ ಹೋಗಿ ನಿಂಬೆಹಣ್ಣು ಹುಡುಕಿದೆ. ಅಲ್ಲೇ ಇತ್ತು.

ಊರಿಗೆ ಬಂದು ಹೊಸ ಫಿಲಂನ ಸೀರೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನೋಡೋಕೆ ಬಂದವರಿಗೆ ಕಾಫಿ ಕೊಡ್ತೀನಿ, ಫಿಲಂ ಇಲ್ಲ ಅಂದೆ. ಯಜಮಾನರು ಸುಮ್ಮನಿದ್ದಾರೆಯೇ? ಹಳೇ ಕರೀ ಹಾಳೆಯನ್ನೇ ಮತ್ತೆ ಕಿಟಕಿಗೆ ಅಂಟಿಸಿಕೊಂಡು, ಬಂದವರಿಗೆ ಬೆರಳಿಟ್ಟು ತೋರಿಸೋರು: “ನೋಡಿ, ಇಲ್ಲಿತ್ತು.”