ಓಣಿಗೊಂದೇ ಒಲೆ

ನೆಲೋಗಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯಾಕೆ ತನ್ನ ರೊಟ್ಟಿ ಮುಗಿದ ಕೂಡಲೇ ಹಿಟ್ಟಿನ ಕೈ ಸೊಂಟಕ್ಕಿಟ್ಟು ಹಿತ್ತಲಿನಿಂದ ಕೂಗುತ್ತಿದ್ದಳು: "ಬರ್ರೇ, ಬೆಂಕಿ ಸುಮ್ನ ಉರಿಯಾಕತ್ತದ!" ನಾವು ಹೆಂಗಸರು ಹಿಟ್ಟಿನ ಬುಟ್ಟಿ ಹಿಡಿದು ಓಡುತ್ತಿದ್ದೆವು. ಅಷ್ಟೂ ಮನೆಯ ರೊಟ್ಟಿ ಅವಳ ಒಂದೇ ಒಲೆಯ ಮೇಲೆ ಬೇಯುತ್ತಿತ್ತು. ನಮ್ಮ ತೊಗರಿ ಕಟ್ಟಿಗೆ ಹಾಗೇ ಉಳಿಯುತ್ತಿತ್ತು.

ಅವಳ ಮನೆಗೆ ಗ್ಯಾಸ್ ಬಂದಾಗ ನಮಗೆ ಕಳವಳ. ಇನ್ನು ಕರೆಯುವವರು ಯಾರು?

ಮರುದಿನ ಗ್ಯಾಸಿನ ಮೇಲಿನ ಚಹಾ ಇಳಿಸಿದವಳೇ ರೂಢಿಯಂತೆ ಕೂಗಿಬಿಟ್ಟಳು. ನಾವೆಲ್ಲ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತೆವು.

ಸೊಸೆ ನಕ್ಕಳು. "ಅತ್ತೀ, ಇದು ಸುಮ್ನ ಉರಿಯಂಗಿಲ್ರಿ. ತಿರುವಿದ್ರ ಆರ್ತದ."

ಅತ್ತೆ ಗುಂಡಿ ತಿರುವಿದಳು, ಆರಿತು. ಒಮ್ಮೆ ನಮ್ಮ ಬುಟ್ಟಿಗಳನ್ನು ನೋಡಿದಳು.

"ಛಲೋ ಆತು, ಗ್ಯಾಸ್ ಉಳೀತು. ಹಿತ್ತಲದಾಗ ಒಲಿ ಹೊತ್ತಸು ಬೇ, ಮಂದಿ ಬಂದಾರ."