ಮುನಿವೆಂಕಟಮ್ಮನ ಹುಳದ ಮನೆಗೆ ಬೆಳ್ಳಿ ಹಾಳೆ

ದೇವನಹಳ್ಳಿ ಏರ್‌ಪೋರ್ಟಿನಲ್ಲಾದರೂ ಟಿಕೆಟ್ ತೋರಿಸಿದರೆ ಒಳಗೆ ಬಿಡುತ್ತಾರೆ. ನಲ್ಲೂರಿನ ಹತ್ತಿರ ಇರುವ ಮುನಿವೆಂಕಟಮ್ಮನ ರೇಷ್ಮೆ ಹುಳದ ಮನೆಗೆ ಕಾಲಿಡುವುದು ಅಷ್ಟು ಸಲೀಸಲ್ಲ. ಹುಳಕ್ಕೆ ಯಾವ ವಾಸನೆಯೂ ಆಗದು: ಬೀಡಿ ಸೇದಿ ಬಂದವರು ವಾಪಸ್, ಒಗ್ಗರಣೆ ವಾಸನೆ ಹೊತ್ತು ಬಂದವರು ವಾಪಸ್. ಮದುವೆಯ ದಿನ ಸೆಂಟು ಹೊಡೆದುಕೊಂಡು ಆಶೀರ್ವಾದಕ್ಕೆ ಬಂದ ಸ್ವಂತ ಮಗನನ್ನೂ ಬಾಗಿಲಲ್ಲೇ ತಡೆದ ಮಹಾತಾಯಿ ಈಕೆ. "ಅಲ್ಲೇ ಬಗ್ಗು, ಇಲ್ಲಿಂದ್ಲೇ ಅಕ್ಷತೆ ಹಾಕ್ತೀನಿ" ಅಂದಳಂತೆ, ಹಾಕಿಯೂ ಹಾಕಿದಳಂತೆ.

ಹದಿನೆಂಟಕ್ಕೆ ಸೊಸೆಯಾಗಿ ಬಂದವಳು ಆಗಿನಿಂದ ರೇಷ್ಮೆ ಹುಳ ಸಾಕುತ್ತಲೇ ಇದ್ದಾಳೆ. ಹುಳ ಪೊರೆ ಬಿಡಲು ಸೊಪ್ಪು ತಿನ್ನುವುದು ನಿಲ್ಲಿಸಿ ಸುಮ್ಮನೆ ಮಲಗಿದರೆ ಅದಕ್ಕೆ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುವ ಕಾಲ. ಗಂಡನಿಗೆ ಜ್ವರ ಬಂದರೆ ಒಂದು ಮಾತ್ರೆ ಕೊಟ್ಟು ಸುಮ್ಮನಾಗುವವಳು, ಹುಳಕ್ಕೆ ಬಂದರೆ ಮಾತ್ರ ಊರಿಗೆಲ್ಲ "ಶ್!" ಅನ್ನುತ್ತಾಳೆ.

ಆದರೆ ಹೋದ ವರ್ಷ ಎರಡು ಬೆಳೆ ಬಿಸಿಲಿಗೇ ಸತ್ತುಹೋದವು. ಹುಳದ ಮನೆ ಅಂದರೆ ತಗಡಿನ ಶೀಟು ಹೊದಿಸಿದ ಷೆಡ್ಡು, ಮಧ್ಯಾಹ್ನ ಒಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ಗಂಡ ಅಪ್ಪಯ್ಯಣ್ಣನಿಗೆ ಅಷ್ಟು ಸಾಕಾಯಿತು. ಟ್ಯಾಕ್ಸಿ ಓಡಿಸುವ ಕಾಂತರಾಜು ತನ್ನ ನಾಲ್ಕು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ.

"ನೋಡಮ್ಮಿ, ಈ ಏಪ್ರಿಲ್ ಬೆಳೆ ಕೈಗೆ ಬಂದ್ರೆ ಸರಿ. ಇಲ್ದಿದ್ರೆ ಷೆಡ್ಡು ಕಾಂತರಾಜೂಗೆ. ಕಾರು ಬಿಸಿಲಿಗೆ ಸಾಯಲ್ಲ" ಅಂದ ಅಪ್ಪಯ್ಯಣ್ಣ.

ಮುನಿವೆಂಕಟಮ್ಮನಿಗೆ ರೇಗಿತು. ರೇಗಿದಾಗ ಅವಳ ಬಾಯಿಗೂ ಬುದ್ಧಿಗೂ ಸಂಬಂಧವಿರುವುದಿಲ್ಲ. "ಆಯ್ತು, ಕೊಟ್ಬಿಡು ಹೋಗು!" ಅಂದೇಬಿಟ್ಟಳು. ಅಂದಮೇಲೆ ಒಳಗೆ ಹೋಗಿ ಹುಳದ ತಟ್ಟೆಗಳ ಮುಂದೆ ಕೂತಳು. ಈ ಷೆಡ್ಡಿಲ್ಲದೆ ಬೆಳಗ್ಗೆ ಎದ್ದು ತಾನು ಏನು ಮಾಡಬೇಕು ಎಂಬುದೇ ಅವಳಿಗೆ ಹೊಳೆಯಲಿಲ್ಲ.

ಸೊಸೆ ವಾಣಿಶ್ರೀಗೆ ಹೂವಿನ ಪ್ಯಾಕಿಂಗ್ ಮನೆಯಲ್ಲಿ ಕೆಲಸ. ಗುಲಾಬಿ ವಿಮಾನ ಹತ್ತುವ ಮುಂಚೆ ಬಾಡಬಾರದೆಂದು ಪೆಟ್ಟಿಗೆಗೆ ಒಂದು ಹಾಳೆ ಹೊದಿಸುತ್ತಾರೆ: ಒಂದು ಕಡೆ ಬೆಳ್ಳಿಯಂತೆ ಹೊಳಪು, ಇನ್ನೊಂದು ಕಡೆ ಬಿಳಿ. ಅಂಚು ಹರಿದ ಎರಡು ಸುರುಳಿ ಕೇಳಿ ತಂದಳು. "ಅತ್ತೆ, ಹೊಳಪು ಮೇಲಕ್ಕೆ ಮಾಡಿ ಶೀಟಿನ ಕೆಳಗೆ ಕಟ್ಟಿ. ನಡುವೆ ನಾಲ್ಕು ಬೆರಳು ಸಂದು ಇರ್ಲಿ" ಅಂದು ಡ್ಯೂಟಿಗೆ ಓಡಿದಳು.

ಸಂದು! ಹುಳ ಸಾಕುವವಳ ಮುಂದೆ ಆಡುವ ಮಾತೇ ಅದು? ಸಂದಿದ್ದಲ್ಲಿ ಊಜಿ ನೊಣ ನುಗ್ಗುತ್ತದೆ, ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಬೆಳೆ ನೆಗೆದುಬೀಳುತ್ತದೆ. ಜೀವಮಾನವಿಡೀ ಸಂದು ಮುಚ್ಚಿದ ಕೈ ಅದು. ಹಾಳೆಯನ್ನು ಶೀಟಿಗೇ ಒತ್ತಿ, ಸೂಜಿ ತೂರದ ಹಾಗೆ ತಂತಿ ಬಿಗಿದು, ಏಣಿಯಿಂದಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಹಾ, ಏನು ಕೆಲಸ!

ಮಧ್ಯಾಹ್ನ ನೋಡಿದರೆ ಹಾಳೆ ಕಾದ ಹೆಂಚಾಗಿತ್ತು. ಗೋಡೆಯ ಥರ್ಮಾಮೀಟರು ಮೂವತ್ತೆಂಟಕ್ಕೇ ಅಂಟಿಕೊಂಡಿತ್ತು. ನಾಲ್ಕನೇ ಜ್ವರ ದಾಟಿ ಗಬಗಬ ಮೇಯಬೇಕಾದ ಹುಳ ಸೊಪ್ಪು ಮೂಸದೆ ಬಿದ್ದಿದ್ದವು. ಅಪ್ಪಯ್ಯಣ್ಣ ಇಣುಕಿ ನೋಡಿ, ಹೊರಗೆ ಹೋಗಿ, ಭಾನುವಾರ ಅಳತೆಗೆ ಬಾ ಎಂದು ಕಾಂತರಾಜುಗೆ ಫೋನು ಮಾಡಿದ. ಮುನಿವೆಂಕಟಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅಳು ಬಂತು, ಅತ್ತಳು.

ಅಷ್ಟರಲ್ಲಿ ಬಂದ ವಾಣಿಶ್ರೀ ತಲೆಯೆತ್ತಿ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತೆ, ಶೀಟಿಗೇ ಅಂಟಿಸಿದ್ರೆ ಬಿಸಿ ನೇರವಾಗಿ ಇಳಿಯುತ್ತೆ! ನಡುವೆ ಗಾಳಿ ಇದ್ರೇನೇ ಆ ಹೊಳಪು ಬಿಸಿನ ವಾಪಸ್ ಎಸೆಯೋದು."

"ಊಜಿ ಬಂದ್ರೆ ನಿಮ್ಮಪ್ಪ ಬಂದು ಹಿಡೀತಾನಾ?"

"ಊಜಿ ತೂರ್ದೆ, ಗಾಳಿ ಆಡೋ ಹಂಗೆ ಏನಾದ್ರೂ ಕಟ್ಟಿ!"

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೇ ಅಪ್ಪಯ್ಯಣ್ಣನ ಮಂಚದ ಕಡೆ ನೋಡಿದರು. ಮಂಚದ ಮೇಲೆ ಅವನ ಪ್ರಾಣಕ್ಕಿಂತ ಹೆಚ್ಚಿನ ಸೊಳ್ಳೆಪರದೆ ತೂಗುತ್ತಿತ್ತು. ಐದು ನಿಮಿಷದಲ್ಲಿ ಅದು ಪಟ್ಟಿ ಪಟ್ಟಿಯಾಯಿತು. ಹಾಳೆ ನಾಲ್ಕು ಬೆರಳು ಕೆಳಗಿಳಿಯಿತು, ಸಂದಿನ ಎರಡು ತುದಿಗೂ ಪರದೆ ಬಿತ್ತು.

"ಲೇ, ನನ್ನ ಪರದೆ!"

"ಸುಮ್ಕಿರು, ನಿನ್ನನ್ನ ಸೊಳ್ಳೆ ಕಚ್ಚುದ್ರೆ ತುರ್ಕೋಬೋದು. ಹುಳಕ್ಕೆ ಕೈ ಐತಾ?" ಅಂದಳು ಮುನಿವೆಂಕಟಮ್ಮ.

ಮಾರನೆಯ ದಿನ ಹೊರಗೆ ಅದೇ ಹಾಳು ಬಿಸಿಲು. ಒಳಗೆ ಮಾತ್ರ ಮಧ್ಯಾಹ್ನ ಎರಡಕ್ಕೂ ಮೂವತ್ತೊಂದು! ಮುನಿವೆಂಕಟಮ್ಮ ನಂಬದೆ ಥರ್ಮಾಮೀಟರನ್ನು ಮೊಟಕಿದಳು. ಅದು ಹಟಹಿಡಿದು ಮೂವತ್ತೊಂದೇ ಅಂದಿತು. ಹಸಿ ಸೊಪ್ಪು ಹಾಸಿದಳು, ಕಿವಿಗೊಟ್ಟಳು. ಒಂದು ತಟ್ಟೆಯಿಂದ ಚರಚರ, ಪಕ್ಕದ್ದರಿಂದ ಚರಚರ, ಆಮೇಲೆ ಷೆಡ್ಡಿಗೆ ಷೆಡ್ಡೇ ಮೇಯಲು ಶುರು. ಅರವತ್ತು ದಾಟಿದ ಹೆಂಗಸು ಖಾಲಿ ಸೊಪ್ಪಿನ ಬುಟ್ಟಿ ತಲೆಗೆ ಹಾಕಿಕೊಂಡು ಎರಡು ಸುತ್ತು ಕುಣಿದಳು. ಅಪ್ಪಯ್ಯಣ್ಣ ಕಂಡೂ ಕಾಣದವನಂತೆ ಹೋಗಿ ಇನ್ನೊಂದು ಹೊರೆ ಸೊಪ್ಪು ಕೊಯ್ದು ತಂದ.

ಭಾನುವಾರ ಬೆಳಗ್ಗೆ ಹುಳ ಹಣ್ಣಾದವು. ಮೈ ಹೊನ್ನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಎತ್ತಿದವು. ಒಂದೊಂದನ್ನೂ ಆರಿಸಿ ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು, ಒಂದು ಗಳಿಗೆ ತಡವಾದರೂ ನೂಲು ದಂಡ. ಮನೆಮಂದಿಯೆಲ್ಲ ಬಗ್ಗಿದ ಬೆನ್ನು ಎತ್ತಿರಲಿಲ್ಲ. ಸರಿಯಾಗಿ ಆಗಲೇ ಅಳತೆ ಟೇಪು ಹಿಡಿದು ಕಾಂತರಾಜು ಬಾಗಿಲಲ್ಲಿ ನಿಂತ.

"ಅಣ್ಣೋ, ನಾಲ್ಕು ಕಾರು ಹಿಡಿಯುತ್ತಾ ನೋಡ್ಬಿಡ್ಲಾ?"

ಅಪ್ಪಯ್ಯಣ್ಣನೇ ಹೇಳಿ ಕರೆಸಿದ್ದು, ಅವನು ಮಾತಿಗೆ ತಪ್ಪದ ಮನುಷ್ಯ ಬೇರೆ. ಮುನಿವೆಂಕಟಮ್ಮ ಗಂಡನ ಮುಖ ನೋಡುವ ಧೈರ್ಯವಾಗದೆ ಅಂಗೈ ಮೇಲಿದ್ದ ಹುಳವನ್ನೇ ನೋಡುತ್ತ ನಿಂತಳು.

ಅಪ್ಪಯ್ಯಣ್ಣ ಬೆನ್ನು ನೆಟ್ಟಗೆ ಮಾಡಿದ. "ಕಾರಾ? ಎಲ್ಲಿ ಜಾಗ ಐತೆ ಕಣೋ ಇಲ್ಲಿ? ಕಣ್ ಕಾಣಲ್ವಾ? ನಲವತ್ತು ಸಾವಿರ ಜನ ಮನೆ ಕಟ್ತಾವ್ರೆ, ಬಾಗ್ಲು ಹಾಕ್ಕೊಂಡು ಹೋಗು!"