ಕಮಾನು ಪಟ್ಟಿಯ ಚಾಕು

ಚಾಕು ಬಂದ ದಿನ ಅದನ್ನು ಓಣಿಗೆಲ್ಲ ಹೊತ್ತು ತಿರುಗಿ ತೋರಿಸಿದ್ದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ರಾಯದುರ್ಗದ ನಮ್ಮ ಓಣಿಯಲ್ಲಿ ಹೊಲಿಗೆ ಮಿಷನ್ನಿಲ್ಲದ ಮನೆಯಿಲ್ಲ. ನಮ್ಮಲ್ಲಿ ಗಂಡ ಜೀನ್ಸ್ ಪ್ಯಾಂಟಿನ ಕಾಲು ಹೊಲಿದರೆ ನಾನು ಜೇಬು ಕೂರಿಸುತ್ತೇನೆ, ಅತ್ತೆ ದಾರದ ತುದಿ ಕತ್ತರಿಸುತ್ತಾರೆ. ಅಕ್ಕಪಕ್ಕದ ಹೆಂಗಸರೂ ತಮ್ಮ ಕೆಲಸ ಎತ್ತಿಕೊಂಡು ನಮ್ಮ ಪಡಸಾಲೆಗೇ ಬಂದು ಕೂರುತ್ತಾರೆ. ಹಾಗೆ ಕೂತಲ್ಲಿ ತವರಿನ ಬಡಾಯಿಗೆ ಬರವೇ? ಒಬ್ಬಳಿಗೆ ಬೆಳ್ಳಿ ದೀಪ ಬಂದಿರುತ್ತದೆ, ಇನ್ನೊಬ್ಬಳಿಗೆ ಫ್ರಿಜ್ಜು. ನನಗೆ ಬರಬೇಕಿದ್ದದ್ದು ಒಂದು ಚಾಕು.

ನಾನು ಮಡಕಶಿರಾ ಕಡೆಯವಳು. ಹಿತ್ತಲಲ್ಲಿ ನಿಂತರೆ ರತ್ನಗಿರಿ ಕೋಟೆ ಕಾಣುವ ಊರು. ಅಪ್ಪ ಲಾರಿ ಓಡಿಸುತ್ತಿದ್ದ. ಒಮ್ಮೆ ಹುಣಸೆಹಣ್ಣಿನ ಲೋಡು ಹೇರಿಕೊಂಡು ಹೋಗುವಾಗ ಲಾರಿಯ ಕಮಾನು ಮುರಿಯಿತು. ಕಮಾನು ಅಂದರೆ ಗಾಲಿಯ ಮೇಲೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಭಾರ ಬಿದ್ದರೆ ಬಾಗಬೇಕು, ಭಾರ ಇಳಿದರೆ ತಿರುಗಿ ಎದ್ದು ನಿಲ್ಲಬೇಕು. ಮುರಿದ ಪಟ್ಟಿಯ ತುಂಡೊಂದನ್ನು ಅಪ್ಪ ಮನೆಗೆ ತಂದು ಹಿತ್ತಲ ಗೋಡೆಗೆ ಒರಗಿಸಿದ. ಅದರಲ್ಲಿ ಬೋಲ್ಟಿನ ತೂತೊಂದಿತ್ತು. ಚಿಕ್ಕವಳಿದ್ದಾಗ ಆ ತೂತಿಗೆ ಬೆರಳು ತೂರಿಸಿ, ಸಿಕ್ಕಿಸಿಕೊಂಡು, ಊರು ಒಂದಾಗುವ ಹಾಗೆ ಬೊಬ್ಬೆ ಹೊಡೆದಿದ್ದೆ. ಅಪ್ಪ ಗ್ರೀಸು ಸವರಿ, ನಗುನಗುತ್ತಲೇ ಬೆರಳು ಬಿಡಿಸಿದ.

"ಇದು ನಿಂದೇ ಕಣೆ. ನೋಡು, ನಿನ್ನ ಹೆಂಗೆ ಹಿಡ್ಕಂಡೈತೆ! ಇದ್ರಾಗೆ ನಿನಗೊಂದು ಚಾಕು ಬಡಿಸ್ಕೊಡ್ತೀನಿ. ನಿನ್ನ ಮೊಮ್ಮಕ್ಳ ಕಾಲಕ್ಕೂ ಸವೆಯಾಕಿಲ್ಲ" ಅಂದ.

ಮದುವೆಯ ಗಡಿಬಿಡಿಯಲ್ಲಿ ಅದು ಆಗಲಿಲ್ಲ. ಮುಂದಿನ ಸಲ, ಮುಂದಿನ ಸಲ ಎನ್ನುತ್ತಲೇ ಅಪ್ಪ ಹೊರಟುಹೋದ. ತಿಥಿಯ ಊಟ ಮುಗಿದ ಮೇಲೆ ಅಣ್ಣ ತೋಟದ ಮಾತೆತ್ತಿದ. ನಾನು ಚಕಾರ ಎತ್ತಲಿಲ್ಲ. "ತೋಟ ನೀನೇ ಇಟ್ಕಾ. ನನಗೆ ಹಿತ್ತಲಾಗಿರೋ ಆ ಪಟ್ಟೀಲಿ ಒಂದು ಚಾಕು ಮಾಡ್ಸಿಕೊಡು, ಸಾಕು" ಅಂದೆ. ಅಣ್ಣ ಕಣ್ಣೊರೆಸಿಕೊಂಡ. "ಅಪ್ಪನ ಮಾತು ಕಣವ್ವ, ನಾನು ನಡೆಸ್ತೀನಿ" ಅಂದ. ಆ ಕಣ್ಣೀರು ಸುಳ್ಳೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಸುಳ್ಳಾಗಿದ್ದರೆ ಸಿಟ್ಟು ಮಾಡಿಕೊಂಡು ಸುಮ್ಮನಾಗಬಹುದಿತ್ತು.

ಕಮ್ಮಾರನ ಕೂಲಿಯನ್ನು ನಾನೇ ಫೋನಿನಲ್ಲಿ ಕಳಿಸಿದೆ. ನಾಳೆ ಅತ್ತಿಗೆ ಒಂದು ಮಾತು ಆಡಬಾರದು ನೋಡಿ, ಅದಕ್ಕೆ. ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಈ ಕಡೆ ಬಂದಾಗ ಅಣ್ಣ ಚಾಕುವನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಹೊಳೆಯುತ್ತಿತ್ತು. ಕಣ್ಣಿಗೊತ್ತಿಕೊಂಡೆ. ಅಣ್ಣನೆದುರೇ ಅತ್ತು, ಹೋಳಿಗೆ ಮಾಡಿ ಬಡಿಸಿದೆ.

ಮೊದಲು ಅಲುಗಾಡಿದ್ದು ಹಿಡಿ. ಹೊಸ ಮರ, ಒಣಗಿರಬೇಕು ಎಂದುಕೊಂಡು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದೆ. ಎರಡು ದಿನ ಗಟ್ಟಿಯಾಗಿದ್ದು ಮತ್ತೆ ಗಡಗಡ ಎಂದಿತು. ಸಂದಿನಲ್ಲಿ ಅರಗು ಕರಗಿಸಿ ಹೊಯ್ದೆ, ಮೇಲೆ ಜೀನ್ಸಿನ ಪಟ್ಟಿ ಬಿಗಿದು ಸುತ್ತಿ ಹೊಲಿಗೆ ಹಾಕಿದೆ. ಆಮೇಲೆ ಬಾಯಿ ಮೊಂಡಾಯಿತು. ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದೆ. ಉಜ್ಜಿದ ದಿನ ಟೊಮೇಟೊ ಕೊಯ್ಯುತ್ತಿತ್ತು, ಮರುದಿನ ಅದೇ ಟೊಮೇಟೊವನ್ನು ಅಪ್ಪಚ್ಚಿ ಮಾಡುತ್ತಿತ್ತು. ಅಲಗಿನ ಮೇಲೆ ಸಣ್ಣ ಸಣ್ಣ ಕುಳಿಗಳು ಎದ್ದವು. ಕೈಯಲ್ಲಿ ಬಡಿದದ್ದು ಹಾಗೇ ಇರುತ್ತದೆ, ಮಿಷನ್ನಿನಂತೆ ನುಣ್ಣಗಿರುತ್ತದೆಯೇ ಎಂದು ಕೇಳಿದವರಿಗೆಲ್ಲ ನಾನೇ ವಕೀಲಿಕೆ ಮಾಡಿದೆ.

ಅತ್ತೆ ಬಿಡಬೇಕಲ್ಲ. "ಏನವ್ವಾ, ನಿಮ್ಮ ತೌರುಮನಿ ಚಾಕು ಬದನಿಕಾಯಿ ಕೊಯ್ಯಾಕತ್ತೈತೋ, ಮುದ್ದು ಮಾಡಾಕತ್ತೈತೋ?" ಪಡಸಾಲೆಯಲ್ಲಿ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅತ್ತೆ ಕಾಡಿಸುವುದು ಹೊಸದಲ್ಲ. ನಮ್ಮ ಕಡೆಯ ಮುದ್ದೆಯಿಂದ ಹಿಡಿದು ನನ್ನ ಮಾತಿನ ಧಾಟಿಯವರೆಗೆ ಎಲ್ಲದಕ್ಕೂ ಅವರದೊಂದು ಕುಹಕ ಇದ್ದೇ ಇರುತ್ತಿತ್ತು. ನಾನೂ ಸೊಲ್ಲಿಗೆ ಸೊಲ್ಲು ಕೊಡುತ್ತಿದ್ದೆ.

ಒಂದು ದಿನ ಚಿಪ್ಪಿನಿಂದ ಕೊಬ್ಬರಿ ಎಬ್ಬಿಸಲು ಚಾಕುವಿನ ತುದಿ ತೂರಿಸಿ ಮೀಟಿದೆ. ಚಾಕು ಬಾಗಿತು. ಕೈ ಬಿಟ್ಟೆ. ಬಾಗಿದ್ದು ಬಾಗಿದಂತೆಯೇ ಕೂತಿತು.

ನಾನು ಲಾರಿಯ ಕೆಳಗೆ ಆಡಿ ಬೆಳೆದವಳು. ಕಮಾನಿನ ಉಕ್ಕು ತಿರುಗಿ ಬರುತ್ತದೆ, ಇಲ್ಲವೇ ಮುರಿಯುತ್ತದೆ. ಹೀಗೆ ಸೊಟ್ಟ ಮೋರೆ ಹಾಕಿಕೊಂಡು ಕೂರುವುದಿಲ್ಲ. ಇದು ಅಪ್ಪನ ಪಟ್ಟಿಯಲ್ಲ ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಕಮ್ಮಾರ ಪಟ್ಟಿ ನುಂಗಿದ್ದಾನೆ, ಯಾವುದೋ ಗುಜರಿ ಬಡಿದು ಕೊಟ್ಟಿದ್ದಾನೆ! ಅಣ್ಣನಿಗೆ ಫೋನು ಮಾಡಲಿಲ್ಲ. ಪಾಪ, ಅವನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾನೆ ಎಂದು. ಹೌದು, ಪಾಪ ಅಂದೆ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಕಲ್ಯಾಣದುರ್ಗದಲ್ಲಿ ಇಳಿದು ಹತ್ತಿ, ಪಾವಗಡ ದಾಟಿ ಮಡಕಶಿರಾ ಸೇರಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಸಾಣೆ ಹಿಡಿಯುತ್ತಿದ್ದೆ. ಕಮ್ಮಾರನ ಕುಲುಮೆಯ ಮುಂದೆ ನಿಂತು, ಚೀಲದಿಂದ ಚಾಕು ತೆಗೆದು ಅವನ ಮುಂದೆ ಎಸೆದೆ. "ನಮ್ಮಪ್ಪನ ಪಟ್ಟಿ ಏನ್ಮಾಡ್ದೆ? ತೆಗಿ" ಅಂದೆ.

ಅವನು ಚಾಕು ಎತ್ತಿ ನೋಡಿದ, ನನ್ನ ಮುಖ ನೋಡಿದ. ಅಪ್ಪನನ್ನು ಬಲ್ಲವನು.

"ಪಟ್ಟೀಲಿ ನಿಮ್ಮಣ್ಣಂಗೆ ಮಚ್ಚು ಮಾಡ್ಕೊಟ್ಟೆ ಕಣವ್ವ" ಅಂದ. "ಎರಡು ಕಬ್ಣ ತಂದಿದ್ದ. ಒಂದು ಪಟ್ಟಿ, ಇನ್ನೊಂದು ಹಳೇ ಗೇಟಿಂದು. ಪಟ್ಟೀಲಿ ತೋಟಕ್ಕೆ ಮಚ್ಚು, ಗೇಟಿನದ್ರಾಗೆ ತಂಗೀಗೆ ಚಾಕು ಅಂದ. ಇದು ಹದ ತಗಳಾಕಿಲ್ಲ, ಬಾಯಿ ನಿಲ್ಲಾಕಿಲ್ಲ ಕಣಪ್ಪ ಅಂತ ನಾನು ಹೇಳ್ದೆ. ಈರುಳ್ಳಿ ಹೆಚ್ಚಾಕೆ ಇಷ್ಟು ಸಾಕು, ಹೊಳಪು ಮಾಡ್ಕೊಡು ಅಂದ."

"ನನಗೊಂದು ಮಾತು ಹೇಳಬೌದಿತ್ತಲ್ಲ?"

"ಅಣ್ಣತಂಗೀರ ಮಧ್ಯ ನಾನು ಏನಂತ ಬರ್ಲವ್ವ?"

ಅವನ ಕೈಯಿಂದ ಚಾಕು ತೆಗೆದುಕೊಂಡೆ. ಜೀನ್ಸಿನ ಪಟ್ಟಿ ಸುತ್ತಿ, ಅರಗು ಹೊಯ್ದು, ಎಷ್ಟು ದಿನ ಈ ಮೋಸವನ್ನೇ ರಿಪೇರಿ ಮಾಡುತ್ತಾ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಆಟೋ ಹತ್ತಿ ಊರಿಗೆ ಹೋದೆ.

ಅಣ್ಣ ತೋಟದಲ್ಲಿದ್ದ. ನನ್ನನ್ನು ನೋಡಿ ಮುಖ ಅರಳಿತು. "ಒಂದು ಫೋನಾದ್ರೂ ಮಾಡ್ಬಾರ್ದಾ? ಬಿಸಿಲಾಗೆ ಬಂದಿದೀಯ, ಇರು" ಎಂದು ಎಳನೀರು ಕೆಡವಿದ. ಪಂಪ್‌ಹೌಸಿನ ಗೋಡೆಯ ಮೊಳೆಯಿಂದ ಮಚ್ಚು ತೆಗೆದು ಒಂದೇ ಏಟಿಗೆ ಕಾಯಿಯ ತಲೆ ಹಾರಿಸಿ ನನ್ನ ಕೈಗಿಟ್ಟ. ಎಂಥ ಅಲಗು! ಅಪ್ಪ ಹೇಳಿದ್ದು ನಿಜವೇ ಆಗಿತ್ತು. ಮೊಳೆಗೆ ನೇತುಹಾಕಲು ಅನುಕೂಲವೆಂದೋ ಏನೋ, ಹಿಡಿಯ ಹತ್ತಿರ ಕಮ್ಮಾರ ಆ ಬೋಲ್ಟಿನ ತೂತನ್ನು ಹಾಗೇ ಬಿಟ್ಟಿದ್ದ.

ಎಳನೀರು ಕುಡಿಯದೆ ಕೆಳಗಿಟ್ಟು, ಮಚ್ಚು ಈಸಿಕೊಂಡು, ಆ ತೂತಿಗೆ ಬೆರಳು ಹಾಕಿದೆ. ಮೊದಲ ಗಿಣ್ಣಿನವರೆಗೂ ಹೋಗಲಿಲ್ಲ. ಅಣ್ಣನ ಮುಖದ ಬಣ್ಣ ಇಳಿಯಿತು.

"ತೋಟಕ್ಕೆ ಗಟ್ಟಿ ಕಬ್ಣ ಬೇಕು ಕಣೆ" ಅಂದ. "ನಿಂದೇನು, ಅಡುಗೆಮನೆ ಕೆಲಸ. ಅಂಗಡೀಲಿ ಒಳ್ಳೊಳ್ಳೆ ಸ್ಟೀಲ್ ಸೆಟ್ಟು ಬರ್ತಾವೆ, ಕೊಡಿಸ್ತೀನಿ ಬಿಡು. ಒಂದು ಕಬ್ಣದ ತುಂಡಿಗೆ ಹಿಂಗೆ ಮುಖ ಮಾಡ್ಕಂತಾರಾ?"

"ತುಂಡೇ ತಾನೇ? ಅದನ್ನೂ ನನಗೆ ಬಿಡಾಕೆ ನಿನ್ನ ಕೈಲಿ ಆಗ್ಲಿಲ್ವಲ್ಲಣ್ಣ" ಅಂದೆ. ಮಚ್ಚನ್ನು ಮೊಳೆಗೆ ನಾನೇ ನೇತುಹಾಕಿ ಬಂದೆ. ಹಿಂದಿನಿಂದ ಅವನು ಕರೆಯುತ್ತಿದ್ದ, ಊಟ ಮಾಡ್ಕಂಡು ಹೋಗು ಎಂದು.

ತವರಿಗೆ ಹೋದರೆ ನಾಲ್ಕು ದಿನ ಇದ್ದು, ತೆಂಗಿನಕಾಯಿ ಹುಣಸೆಹಣ್ಣು ಹೊತ್ತು ಬರುವವಳು ಅವತ್ತು ಸಂಜೆಯೇ ಬರಿಗೈಯಲ್ಲಿ ಬಂದೆ. ಗಂಡ ಕೇಳಿದ್ದಕ್ಕೆ ತಲೆನೋವು ಅಂದೆ. ಅತ್ತೆ ನನ್ನ ಚೀಲ ನೋಡಿದರು, ಮುಖ ನೋಡಿದರು.

ಮರುದಿನ ಪಡಸಾಲೆ ತುಂಬ ಜನ. ನಾನು ಅದೇ ಚಾಕು ಹಿಡಿದು ಸೋರೆಕಾಯಿ ಹೆಚ್ಚುತ್ತಿದ್ದೆ. ಅಲಗು ಜಾರಿ ಮಣೆಗೆ ಬಡಿಯಿತು. ಎಲ್ಲರೂ ಅತ್ತೆಯ ಬಾಯಿಯನ್ನೇ ನೋಡಿದರು. ನಾನೂ ಉತ್ತರ ಸಿದ್ಧ ಮಾಡಿಕೊಂಡೆ.

ಅತ್ತೆ ಎದ್ದು ಒಳಗೆ ಹೋಗಿ, ತಮ್ಮ ಈಳಿಗೆಮಣೆ ತಂದು ನನ್ನ ಮುಂದಿಟ್ಟು, ಮತ್ತೆ ದಾರ ಕತ್ತರಿಸಲು ಕೂತರು. ಅಂದಿನಿಂದ ಅವರು ನನ್ನ ತವರಿನ ಮಾತೆತ್ತಿ ಕಾಡಿಸುವುದನ್ನೇ ಬಿಟ್ಟಿದ್ದಾರೆ. ಒಮ್ಮೆಯಾದರೂ ಕಾಡಿಸಲಿ ಎಂದು ನಾನು ಇನ್ನೂ ಕಾಯುತ್ತಿದ್ದೇನೆ.